ಕಸ್ತೂರವ್ವನ ಕಂಕುಳ ಗಂಟು

ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಹುಬ್ಬಳ್ಳಿಯ ಕಾವಲು ಕೇಂದ್ರದಲ್ಲಿ ಗದಗಿನ ಹದಿನೇಳನೆಯ ಗೆರೆ ಮೇಲೇಳತೊಡಗಿತು. ಪರದೆಯ ಮುಂದೆ ಕೂತಿದ್ದ ದ್ರಾಕ್ಷಾಯಣಿ ಮೊದಲು ಅದನ್ನು ಉಳಿದ ಗೆರೆಗಳಂತೆಯೇ ನೋಡಿದಳು. ದಿನಕ್ಕೆ ಹತ್ತಾರು ಗೆರೆಗಳು ಹೀಗೆ ಏಳುತ್ತಿದ್ದವು, ಎರಡು ಮೂರು ದಿನದಲ್ಲಿ ಇಳಿಯುತ್ತಿದ್ದವು. ಯಾವುದೋ ಊರಿನಲ್ಲಿ ಯಾರದೋ ಕಂಕುಳಿಗೆ ಹೊಸ ನೆಗಡಿಯ ವಾಸನೆ ಬಡಿದಿದೆ ಎಂದಷ್ಟೇ ಅದರ ಅರ್ಥ. ಆದರೆ ಸಂಖ್ಯೆ ಓದಿದ ಮೇಲೆ ಆಕೆ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಗದಗ ಹದಿನೇಳು ಎಂದರೆ ಅವಳ ಸ್ವಂತ ಅಕ್ಕ, ಕಸ್ತೂರವ್ವ.

ಎರಡು ದೊಡ್ಡ ಜ್ವರಗಳು ನಾಡನ್ನು ಹಣಿದು ಹೋದ ಮೇಲೆ ಬಂದ ಏರ್ಪಾಡು ಇದು. ಎರಡು ಸಲವೂ ರೋಗ ಬಂದಿದೆ ಎಂದು ಗೊತ್ತಾಗುವ ಹೊತ್ತಿಗೆ ಊರೂರಲ್ಲಿ ಹೂಳಲು ಜಾಗ ಉಳಿದಿರಲಿಲ್ಲ. ಆಗ ಡಾಕ್ಟರ್ ಅಬ್ಬಿಗೇರಿ ಎಂಬುವರು ಒಂದು ಮಾತು ಎತ್ತಿದರು. ರೋಗ ಬಂದದ್ದು ಮನುಷ್ಯನಿಗೆ ತಿಳಿಯುವ ನಾಲ್ಕು ದಿನ ಮೊದಲೇ ಅವನ ಮೈಗೆ ತಿಳಿದಿರುತ್ತದೆ, ಹಾಗಿದ್ದರೆ ಆ ಮೈಯನ್ನೇ ಕೇಳಬಾರದೇಕೆ ಎಂದು. ಅಕ್ಕಿಕಾಳಿನಷ್ಟು ದೊಡ್ಡ ಒಂದು ಜಾಳಿಗೆ ಮಾಡಿದರು. ಅದರೊಳಗೆ ಆಯಾ ಮನುಷ್ಯನದೇ ರಕ್ತದ ಬಿಳಿಕಣಗಳನ್ನು ಬೆಳೆಸಿ, ಕಂಕುಳಲ್ಲಿ ದುಗ್ಧಗ್ರಂಥಿಗಳು ಗುಂಪಾಗಿರುವ ಕಡೆ ಚರ್ಮದ ಕೆಳಗೆ ಕೂರಿಸಿದರು. ಉಸಿರಿನಿಂದಲೋ ಗಾಯದಿಂದಲೋ ಒಳಬಂದ ರೋಗಾಣು ಅಲ್ಲಿಗೆ ತಲುಪಿದೊಡನೆ ಕಣಗಳು ಸಿಟ್ಟಿಗೆದ್ದು ದುಪ್ಪಟ್ಟಾಗುತ್ತವೆ, ಗಂಟು ಊದುತ್ತದೆ, ನೋಯುತ್ತದೆ. ಕಣಗಳು ಹಿಡಿದದ್ದು ಏನು ಎಂಬುದನ್ನು ಜಾಳಿಗೆ ಓದಿ ಹುಬ್ಬಳ್ಳಿಗೆ ಕಳಿಸುತ್ತದೆ. ಓದಿನ ನೆನಪು ಅಳಿಯಬಾರದೆಂದು ಆ ಕಣಗಳನ್ನು ಬೇಗ ಸಾಯದ ಹಾಗೆ ಗಟ್ಟಿಮಾಡಿದ್ದರು.

ಐದು ಸಾವಿರ ಜನಕ್ಕೊಬ್ಬರಂತೆ ಕಾವಲಿನವರನ್ನು ಆರಿಸಿದರು. ನಾಲ್ಕು ಮಂದಿಯ ನಡುವೆ ಓಡಾಡುವವರೇ ಬೇಕಿತ್ತು: ಕ್ಷೌರದವರು, ಬಸ್ಸಿನ ಕಂಡಕ್ಟರುಗಳು, ಹೂ ಮಾರುವವರು, ಖಾನಾವಳಿಯವರು. ಜನ ಅವರಿಗೆ ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಿದ್ದರು. ಬೆಳಿಗ್ಗೆ ಎದುರು ಸಿಕ್ಕರೆ "ಬಗಲು ತಣ್ಣಗೈತೇನು?" ಎಂದು ಕೇಳುವುದು ಊರಿನ ರೂಢಿಯೇ ಆಗಿಬಿಟ್ಟಿತ್ತು. ಕಾವಲಿನವರು ತಣ್ಣಗೈತಿ ಎಂದರೆ ಜನ ನಿಶ್ಚಿಂತೆಯಿಂದ ಮುಂದೆ ಹೋಗುತ್ತಿದ್ದರು, ಇಲ್ಲವೆಂದರೆ ಮಧ್ಯಾಹ್ನದೊಳಗೆ ಊರಿಗೆ ಊರೇ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿತ್ತು. ಎಂಟು ವರ್ಷಗಳಲ್ಲಿ ಮೂರು ಸಲ ಹೊಸ ಜ್ವರಗಳನ್ನು ಹೀಗೆ ಹೊಸ್ತಿಲಲ್ಲೇ ತಡೆದಿದ್ದರು.

ಕಸ್ತೂರವ್ವ ಗದಗಿನ ಬಸ್ ನಿಲ್ದಾಣದ ಪಕ್ಕದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಫಕೀರಪ್ಪನೇ ಅದನ್ನು ನಡೆಸುತ್ತಿದ್ದ. ಮೂರು ವರ್ಷದ ಹಿಂದೆ ಗದಗಿನ ಜಾಗ ತೆರವಾದಾಗ ಅಕ್ಕನ ಹೆಸರು ಕೊಟ್ಟವಳು ದ್ರಾಕ್ಷಾಯಣಿಯೇ. ಏನೂ ಆಗುವುದಿಲ್ಲ, ವರ್ಷಕ್ಕೆ ನಾಲ್ಕಾರು ದಿನ ಸ್ವಲ್ಪ ನೋಯುತ್ತದೆ ಅಷ್ಟೆ ಎಂದು ಹೇಳಿದ್ದಳು. ತಂಗಿ ಓದಿದವಳು, ತಿಳಿದವಳು ಎಂದು ಕಸ್ತೂರವ್ವ ಎರಡನೆಯ ಮಾತಾಡದೆ ಎಡಗೈ ಎತ್ತಿ ಮಲಗಿದ್ದಳು.

ದ್ರಾಕ್ಷಾಯಣಿ ಫೋನ್ ಮಾಡಿದಾಗ ಹಿಂದೆ ಖಾನಾವಳಿಯ ಗದ್ದಲ ಕೇಳುತ್ತಿತ್ತು. ನಸುಕಿನಿಂದ ಎಡಗೈ ಮೇಲಕ್ಕೆ ಬರುತ್ತಿಲ್ಲ, ಹಿಟ್ಟು ನಾದಿದರೂ ಕಂಕುಳಲ್ಲಿ ಸೂಜಿ ಮುರಿದಂತಾಗುತ್ತದೆ, ಶೇಂಗಾಕಾಯಿಯಷ್ಟು ದಪ್ಪ ಗಂಟು ಬೆರಳಿಗೆ ಸಿಗುತ್ತದೆ ಎಂದು ಕಸ್ತೂರವ್ವ ಹೇಳಿದಳು. ಭಯದಿಂದ ಹೇಳಿದ್ದಲ್ಲ. ಕೆಲಸಕ್ಕೆ ಹೋದವರು ಕೆಲಸದ ವರದಿ ಒಪ್ಪಿಸುವಂತೆ ಹೇಳಿದಳು. ಗಿರಾಕಿಗಳಿಗೆ ಮೂಗು ಮುಚ್ಚಿಕೊಳ್ಳಲು ತಿಳಿಸಿದ್ದೂ ಆಗಿತ್ತು.

ಕೇಂದ್ರದ ಯಂತ್ರದಲ್ಲಿ ಹನ್ನೊಂದು ಸಾವಿರ ರೋಗಾಣುಗಳ ಗುರುತುಗಳಿದ್ದವು. ಗದಗದಿಂದ ಬಂದ ಓದನ್ನು ಅವುಗಳ ಜೊತೆ ಹೋಲಿಸಿ ನೋಡಲು ಆರೇಳು ತಾಸು ಸಾಕು. ಸಂಜೆ ಐದಕ್ಕೆ ಉತ್ತರ ಬಂತು: ಗುರುತಿಲ್ಲ. ಕೇಂದ್ರ ತೆರೆದಂದಿನಿಂದ ಆ ಪದ ಪರದೆಯ ಮೇಲೆ ಬಂದದ್ದು ಅದು ನಾಲ್ಕನೆಯ ಸಲ. ಹಿಂದಿನ ಮೂರೂ ಸಲ ಅದರ ಬೆನ್ನಿಗೆ ಹೊಸ ಜ್ವರವೇ ಬಂದಿತ್ತು. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು. ಮರುದಿನ ಬೆಳಗಾಗುವಷ್ಟರಲ್ಲಿ ಗದಗಿನ ಬಸ್ ನಿಲ್ದಾಣಕ್ಕೆ ಹಗ್ಗ ಕಟ್ಟಿದ್ದರು, ಖಾನಾವಳಿ ಮುಚ್ಚಿತ್ತು, ಕಸ್ತೂರವ್ವನ ಓಣಿಗೆ ಇಬ್ಬರು ಪೊಲೀಸರು ಬಂದು ಕೂತಿದ್ದರು.

ನಾಲ್ಕನೆಯ ದಿನ ದ್ರಾಕ್ಷಾಯಣಿಗೆ ಹೋಗಲು ಅನುಮತಿ ಸಿಕ್ಕಿತು. ಮೈತುಂಬ ಕೇಂದ್ರದ ನಿಲುವಂಗಿ ತೊಟ್ಟು, ಮುಖಕ್ಕೆ ಗಾಜಿನ ಮರೆ ಹಾಕಿಕೊಂಡು ಅಕ್ಕನ ಮನೆಯ ಬಾಗಿಲು ತಟ್ಟಿದಳು. ಬಾಗಿಲಲ್ಲಿ ಓಣಿಯ ಮಂದಿ ಇಟ್ಟುಹೋದ ಡಬ್ಬಿಗಳ ಸಾಲೇ ಇತ್ತು. ಪಲ್ಯ, ಮೊಸರು, ಹೋಳಿಗೆ. ಯಾರೂ ಒಳಗೆ ಬಂದಿರಲಿಲ್ಲ, ಆದರೆ ಯಾರೂ ಮರೆತಿರಲಿಲ್ಲ.

ಕಸ್ತೂರವ್ವ ಗೋಡೆಗೆ ಒರಗಿ, ಎಡಗೈಯನ್ನು ಎರಡು ದಿಂಬಿನ ಮೇಲೆ ಚಾಚಿ ಕೂತಿದ್ದಳು. ಕುಪ್ಪಸ ತೊಡಲಾಗದೆ ಗಂಡನ ಸಡಿಲ ಅಂಗಿ ಹಾಕಿಕೊಂಡಿದ್ದಳು, ಅದರ ಕಂಕುಳನ್ನೂ ಕತ್ತರಿಸಿ ತೆಗೆದಿದ್ದಳು. ಗಂಟು ಈಗ ನಿಂಬೆಹಣ್ಣಿನಷ್ಟಾಗಿತ್ತು. ಮೇಲಿನ ಚರ್ಮ ಬಿಗಿದು ಮಿರಿಮಿರಿ ಮಿನುಗುತ್ತಿತ್ತು, ಬಿಸಿ ಇತ್ತು. ಕೈಗವಸಿನ ಬೆರಳು ತಾಕಿದ ಮಾತ್ರಕ್ಕೆ ಅವಳ ಕಣ್ಣಲ್ಲಿ ನೀರು ತುಂಬಿತು.

ತಲೆ ಬಾಚಿ ನಾಲ್ಕು ದಿನವಾಗಿತ್ತು. ದ್ರಾಕ್ಷಾಯಣಿ ಹಿಂದೆ ಕೂತು ಗವಸು ತೊಟ್ಟ ಕೈಯಲ್ಲೇ ಬಾಚಿ ಜಡೆ ಹಾಕಿದಳು. ಫಕೀರಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತನ್ನು ಮೂರು ಬಗೆಯಲ್ಲಿ ಕೇಳಿದ: ಇದನ್ನು ತೆಗೆದುಹಾಕಲು ಆಗುವುದಿಲ್ಲವೇ, ಯಾವಾಗ ತೆಗೆಯುತ್ತೀರಿ, ತೆಗೆದರೆ ಏನಾಗುತ್ತದೆ. ದ್ರಾಕ್ಷಾಯಣಿ ನಿಯಮ ಹೇಳಿದಳು. ಗುರುತಿಲ್ಲದ ಗಂಟನ್ನು ಹದಿನಾಲ್ಕು ದಿನ ಮುಟ್ಟುವಂತಿಲ್ಲ. ಮೈಯಿಂದ ಹೊರಬಂದರೆ ಅರ್ಧ ತಾಸಿನಲ್ಲಿ ಓದು ಅಳಿದುಹೋಗುತ್ತದೆ, ಸೂಜಿ ಚುಚ್ಚಿದರೂ ಜಾಳಿಗೆ ಹರಿಯಬಹುದು. ಆ ಓದಿನಿಂದಲೇ ಊರಿಗೆ ಔಷಧ ಮಾಡಬೇಕು. ಹೇಳುತ್ತ ಹೇಳುತ್ತ ಅದು ತನ್ನ ಬಾಯಿಂದ ಬರುತ್ತಿರುವ ಮಾತಲ್ಲ ಎನಿಸಿತು ಅವಳಿಗೆ. ಹಿಂದಿನ ಮೂರು ಜ್ವರಗಳಲ್ಲಿ ತಾನೇ ಎಷ್ಟೋ ಜನ ಗಂಡಂದಿರಿಗೆ, ಮಕ್ಕಳಿಗೆ ಫೋನಿನಲ್ಲಿ ಇದನ್ನೇ ಓದಿ ಹೇಳಿದ್ದಳು.

"ಇರಲಿ ಬಿಡ್ರಿ," ಎಂದಳು ಕಸ್ತೂರವ್ವ ಗಂಡನಿಗೆ. "ಇದರ ಸಲುವಾಗೇ ಹಾಕಿಸ್ಕೊಂಡೇವಿ."

ಹುಬ್ಬಳ್ಳಿಗೆ ಮರಳಿದ ಮೇಲೆ ದ್ರಾಕ್ಷಾಯಣಿ ನೇರವಾಗಿ ಡಾಕ್ಟರ್ ಅಬ್ಬಿಗೇರಿಯವರ ಕೋಣೆಗೆ ಹೋದಳು. ಅರವತ್ತು ದಾಟಿದ, ಮೆಲುದನಿಯ ಮನುಷ್ಯ ಅವರು. ಎರಡನೆಯ ಜ್ವರದಲ್ಲಿ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡವರು. ನೋವು ಹೆಚ್ಚಿದೆಯೇ ಎಂದು ಅವರು ಕೇಳಿದರು. ತುಂಬ ಹೆಚ್ಚಿದೆ ಎಂದಾಗ ಅವರ ಮುಖದಲ್ಲಿ ಸ್ವಲ್ಪ ಸಮಾಧಾನವೇ ಕಂಡಿತು. ಕಂಕುಳ ಗಂಟು ನೊಂದರೆ ಅದು ಸಾಮಾನ್ಯವಾಗಿ ಸೋಂಕಿನ ಜೊತೆ ಕಾದಾಡುತ್ತಿದೆ ಎಂದರ್ಥ, ಹೆಚ್ಚು ಹೆದರಬೇಕಾದದ್ದು ನೋವಿಲ್ಲದೆ ಕಲ್ಲಿನಂತೆ ಬೆಳೆಯುವ ಗಂಟಿಗೆ, ಎಂದು ವೈದ್ಯರೆಲ್ಲ ಕಲಿತ ಹಳೆಯ ಪಾಠವನ್ನೇ ಹೇಳಿದರು. ಕಾದಾಡಲಿ, ಕಾಯೋಣ ಎಂದರು.

ಕಾದರು. ಐದನೆಯ ದಿನ, ಆರು, ಏಳು. ಗೆರೆ ಪರದೆಯ ಅಂಚು ಮುಟ್ಟಿತು, ಪರದೆಯ ಅಳತೆಯನ್ನು ಬದಲಿಸಬೇಕಾಯಿತು. ಗದಗಿನಲ್ಲಿ ಮನೆಮನೆಗೆ ಹೋಗಿ ಬಂದವರು ತಂದ ಸುದ್ದಿ ಮಾತ್ರ ಒಂದೇ: ಯಾರಿಗೂ ಏನೂ ಆಗಿಲ್ಲ. ಖಾನಾವಳಿಯಲ್ಲಿ ಉಂಡವರಿಗೆ ಇಲ್ಲ, ಬಸ್ಸಿನವರಿಗೆ ಇಲ್ಲ, ಒಂದೇ ಸೂರಿನಡಿ ಇದ್ದ ಫಕೀರಪ್ಪನಿಗೂ ಇಲ್ಲ. ಊರಿನ ಉಳಿದ ಕಾವಲಿನವರ ಗೆರೆಗಳೆಲ್ಲ ಮಲಗಿದ್ದವು.

ಒಂಬತ್ತನೆಯ ದಿನ ಊಟದ ಹೊತ್ತಿನಲ್ಲಿ, ಎಲ್ಲರೂ ಕೆಳಗೆ ಹೋದಾಗ, ದ್ರಾಕ್ಷಾಯಣಿ ಒಬ್ಬಳೇ ಪರದೆಯ ಮುಂದೆ ಉಳಿದಳು. ಎಂಟು ದಿನದಿಂದ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ, ಈ ಕಣಗಳು ಯಾರ ಜೊತೆ ಕಾದಾಡುತ್ತಿವೆ ಎಂಬುದು. ಅವಳು ಶತ್ರುವನ್ನು ಹುಡುಕುವುದನ್ನು ಬಿಟ್ಟು ಪರದೆಯ ಮೇಲೆ ಕಣಗಳ ಓದನ್ನೇ ಒಂದೊಂದಾಗಿ ತೆರೆದು ನೋಡತೊಡಗಿದಳು. ಹೊಸ ರೋಗಾಣು ಬಂದಾಗ ಗಂಟಿನೊಳಗೆ ಒಂದು ಸಂತೆಯೇ ಕೂಡುತ್ತದೆ. ಸಾವಿರಾರು ಬಗೆಯ ಕಣಗಳು, ಒಂದೊಂದೂ ತನ್ನದೇ ಬಗೆಯ ಕೊಂಡಿ ಚಾಚಿ, ಇದು ಹಿಡಿಯುತ್ತದೋ ಅದು ಹಿಡಿಯುತ್ತದೋ ಎಂದು ತಡಕಾಡುತ್ತವೆ. ಹಿಂದಿನ ಮೂರು ಜ್ವರಗಳ ದಾಖಲೆಯಲ್ಲೂ ಹಾಗೆಯೇ ಇತ್ತು. ಅಕ್ಕನ ಗಂಟಿನಲ್ಲಿ ಅವಳು ಮೊದಲು ನೂರು ಕಣ ತೆರೆದಳು, ಆಮೇಲೆ ಸಾವಿರ. ಎಲ್ಲದರ ಕೊಂಡಿಯೂ ಒಂದೇ. ಎಲ್ಲವೂ ಒಂದೇ ಕಣದ ನಕಲುಗಳು.

ಅವಳಿಗೆ ಅರ್ಥವಾಯಿತು. ಅರ್ಥವಾದದ್ದನ್ನು ಒಪ್ಪಿಕೊಳ್ಳಲು ಇನ್ನೂ ಎರಡು ಸಾವಿರ ತೆರೆದಳು. ಅಲ್ಲಿ ಯುದ್ಧವಿರಲಿಲ್ಲ, ಶತ್ರುವೂ ಇರಲಿಲ್ಲ. ಜಾಳಿಗೆಯ ಕಣಗಳಲ್ಲೊಂದು ಯಾವತ್ತೋ ಹಾದಿ ತಪ್ಪಿ, ಯಾರೂ ಕರೆಯದಿದ್ದರೂ ದುಪ್ಪಟ್ಟಾಗಲು ಕಲಿತಿತ್ತು. ಬೆಳೆಯುತ್ತ ಬೆಳೆಯುತ್ತ ಜಾಳಿಗೆಯನ್ನು ನರದ ಮೇಲೆ ಒತ್ತಿತ್ತು, ಅದರಿಂದಲೇ ಆ ನೋವು. ಹಳೆಯ ಪಾಠ ನೋವಿನ ವಿಷಯದಲ್ಲಿ ಅವರೆಲ್ಲರನ್ನೂ ದಾರಿ ತಪ್ಪಿಸಿತ್ತು. ಯಂತ್ರ ಗುರುತಿಲ್ಲ ಎಂದು ಹೇಳಿದ್ದೂ ನಿಜವೇ. ಅದರ ಹನ್ನೊಂದು ಸಾವಿರದ ಪಟ್ಟಿಯಲ್ಲಿ ಕಸ್ತೂರವ್ವ ಇರಲಿಲ್ಲ.

ಡಾಕ್ಟರ್ ಅಬ್ಬಿಗೇರಿ ಪರದೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ನಿಯಮವನ್ನು ತಾವೇ ಮುರಿದರು. ಆ ಸಂಜೆಯೇ ಕಸ್ತೂರವ್ವನನ್ನು ಹುಬ್ಬಳ್ಳಿಗೆ ಕರೆತಂದು, ಸೂಜಿಯಿಂದ ಗಂಟಿನ ಒಂದು ಚೂರು ತೆಗೆದು, ಮರುದಿನ ಮೈಯ ಚಿತ್ರಗಳನ್ನೂ ತೆಗೆಸಿದರು. ಕುತ್ತಿಗೆಯಲ್ಲಿ ನಾಲ್ಕು ಗಂಟು, ಎದೆಯೊಳಗೆ ಆರು, ಹೊಟ್ಟೆಯಲ್ಲಿ ಒಂದು. ಇಂಥ ಬೆಳವಣಿಗೆಗೆ ಔಷಧಗಳಿಲ್ಲವೇ ಎಂದು ದ್ರಾಕ್ಷಾಯಣಿ ಕೇಳಿದಳು. ಇವೆ, ಬೇರೆಯವರಿಗೆ ನಾಟುತ್ತವೆ ಎಂದರು ಅವರು. ಇದ್ದಬದ್ದ ಔಷಧಗಳನ್ನೆಲ್ಲ ಬಟ್ಟಲಿನಲ್ಲಿ ಆ ಚೂರಿನ ಮೇಲೆ ಹಾಕಿ ನೋಡಿದ್ದರು. ಕಣಗಳು ಸಾಯಲಿಲ್ಲ.

"ಸಾಯಬಾರದು ಅಂತ ನಾನs ಮಾಡಿದ್ದು," ಎಂದರು ಡಾಕ್ಟರ್. "ಆರು ವರ್ಷ ಅದರ ಮ್ಯಾಲೆ ಕೆಲಸ ಮಾಡೀನಿ. ಚಲೋ ಮಾಡೀನಿ."

ಕಸ್ತೂರವ್ವನಿಗೆ ಹೇಳುವ ಕೆಲಸವನ್ನು ತಾವೇ ಮಾಡುವುದಾಗಿ ಅವರು ಮುಂದೆ ಬಂದರು. ದ್ರಾಕ್ಷಾಯಣಿ ಬೇಡವೆಂದಳು. ಹನ್ನೊಂದನೆಯ ದಿನ, ಶುಕ್ರವಾರ, ಆಸ್ಪತ್ರೆಯಲ್ಲಿ ಅಕ್ಕನ ಕೋಣೆಗೆ ನಿಲುವಂಗಿ ಇಲ್ಲದೆ, ಮುಖದ ಮರೆ ಇಲ್ಲದೆ ಹೋದಳು. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅವಳ ಬರಿಯ ಮುಖ ನೋಡಿ ಕಸ್ತೂರವ್ವ ಗಾಬರಿಯಾಗಿ ಸೆರಗಿನಿಂದ ತನ್ನ ಬಾಯಿ ಮುಚ್ಚಿಕೊಂಡಳು, ದೂರ ನಿಲ್ಲು ಎಂದು ಕೈಮಾಡಿದಳು.

"ಅಂಟೂದಲ್ಲ ಅಕ್ಕಾ," ಎಂದಳು ದ್ರಾಕ್ಷಾಯಣಿ, ಹಾಸಿಗೆಯ ಮೇಲೆ ಕೂತು. "ಹೊರಗಿನ ರೋಗ ಅಲ್ಲ. ಆ ಗಂಟs ಕೆಟ್ಟೈತಿ. ನಾವು ಹಾಕಿದ್ದು."

ಕಸ್ತೂರವ್ವ ಸೆರಗು ಇಳಿಸಿದಳು. "ಹಂಗಾದ್ರ ಊರಾಗ ಯಾರಿಗೂ ಏನೂ ಬಂದಿಲ್ಲ?"

"ಇಲ್ಲ."

"ಬರಂಗೂ ಇಲ್ಲ?"

"ಇಲ್ಲಕ್ಕಾ."

ಕಸ್ತೂರವ್ವ ಉದ್ದಕ್ಕೆ ಉಸಿರು ಬಿಟ್ಟಳು. ಹನ್ನೊಂದು ದಿನದಲ್ಲಿ ಮೊದಲ ಸಲ ಅವಳ ಹುಬ್ಬಿನ ಗಂಟು ಸಡಿಲವಾಯಿತು. ಬಸ್ ನಿಲ್ದಾಣದ ಹಗ್ಗ ಬಿಚ್ಚಲು ಹೇಳು, ಮಂದಿ ಬಸ್ಸಿಗೆ ಬಿಸಿಲಾಗ ಊರ ಹೊರಗಿನ ತನಕ ನಡೆಯುತ್ತಿದ್ದಾರಂತೆ ಎಂದಳು. ಓಣಿಯವರ ಡಬ್ಬಿಗಳನ್ನು ತೊಳೆದು ಕೊಡಬೇಕು ಎಂದೂ ಜೊತೆಗೆ ಬಂದಿದ್ದ ಗಂಡನಿಗೆ ನೆನಪು ಮಾಡಿದಳು. ಫಕೀರಪ್ಪ ಅವಳ ಮಾತು ಕೇಳುತ್ತಿರಲಿಲ್ಲ, ದ್ರಾಕ್ಷಾಯಣಿಯ ಮುಖ ನೋಡುತ್ತಿದ್ದ. ಕೊಯ್ದು ತೆಗೆದರೆ ಹೋಗುತ್ತದಲ್ಲ ಎಂದು ಕೇಳಿದ. ದ್ರಾಕ್ಷಾಯಣಿ ಎದೆಯ, ಕುತ್ತಿಗೆಯ, ಹೊಟ್ಟೆಯ ಮಾತು ಹೇಳಿದಳು. ಔಷಧದ ಮಾತನ್ನೂ ಹೇಳಿದಳು. ಎಲ್ಲೂ ಸುಳ್ಳು ಬೆರೆಸಲಿಲ್ಲ. ನೋವು ಕಡಿಮೆ ಮಾಡಲು ಆಗುತ್ತದೆ, ಅಷ್ಟನ್ನು ಮಾಡುತ್ತೇವೆ ಎಂದಳು.

ಫಕೀರಪ್ಪ, "ಮೊದಲನೇ ದಿನಾ ತಗದಿದ್ರ?" ಎಂದ.

"ಗೊತ್ತಿಲ್ಲ ಮಾಮಾ. ಆವಾಗೂ ಎದ್ಯಾಗ ಇತ್ತೇನೋ. ಇರಲಿಲ್ಲೇನೋ. ಯಾರೂ ನೋಡಲಿಲ್ಲ."

ಅವನು ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತ. ಬೈಯುತ್ತಾನೆ ಎಂದುಕೊಂಡಿದ್ದಳು ದ್ರಾಕ್ಷಾಯಣಿ. ಬೈದಿದ್ದರೆ ಹಗುರಾಗುತ್ತಿತ್ತು. ಬಾಗಿಲ ಸಂದಿಯಿಂದ ಅವನ ಬೆನ್ನಷ್ಟೇ ಕಾಣುತ್ತಿತ್ತು, ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು, ಅದನ್ನು ಸರಿಮಾಡಲು ಅಲ್ಲಿ ಯಾರೂ ಇರಲಿಲ್ಲ.

ಕಸ್ತೂರವ್ವ ಬಲಗೈಯಿಂದ ತಂಗಿಯ ಮಣಿಕಟ್ಟು ಹಿಡಿದುಕೊಂಡಳು.

"ಇದನ್ನ ಓದಿದ್ದು ಮಷೀನೋ, ನೀನೋ?"

"ನಾನs ಓದಿದೆ."

"ಚಲೋ ಆತು ತಗೋ, ದ್ರಾಕ್ಷಿ. ಬ್ಯಾರೆ ಯಾರರ ಬಂದು ಹೇಳಿದ್ರ ನಾ ನಂಬತಿರಲಿಲ್ಲ."

ಹಾಕಿಸಿಕೋ ಎಂದಾಗಲೂ ಅಕ್ಕ ನಂಬಿದ್ದಳು. ಈಗಲೂ ಅದೇ ಹಗುರ ಮನಸ್ಸಿನಿಂದ ನಂಬಿದ್ದಳು. ಆ ಹಿಡಿತದಿಂದ ಕೈ ಬಿಡಿಸಿಕೊಳ್ಳುವ ಧೈರ್ಯವಿಲ್ಲದೆ, ನರ್ಸ್ ತಂದ ನೋವಿನ ಮದ್ದಿಗೆ ಅಕ್ಕನಿಗೆ ನಿದ್ದೆ ಹತ್ತುವ ತನಕ ದ್ರಾಕ್ಷಾಯಣಿ ಹಾಗೆಯೇ ಕೂತಳು.

ಸೋಮವಾರದಿಂದ ಕೇಂದ್ರದಲ್ಲಿ ಬೇರೆಯೇ ಕೆಲಸ ಶುರುವಾಯಿತು. ಒಂದೇ ಜಾಳಿಗೆ, ಒಂದೇ ಬಗೆಯ ಗಟ್ಟಿ ಕಣಗಳು ಹದಿಮೂರು ಸಾವಿರ ಜನರ ಕಂಕುಳಲ್ಲಿದ್ದವು. ಗಂಟು ಊದದವರ ಜಾಳಿಗೆಯನ್ನು ಆದಷ್ಟು ಬೇಗ ತೆಗೆಯಬೇಕು, ಅದಕ್ಕೆ ಮೊದಲು ಯಾರ್‍ಯಾರಿಗೆ ನೋವಿದೆ ಎಂದು ತಿಳಿಯಬೇಕು. ಎಲ್ಲರಿಗೂ ಫೋನ್ ಮಾಡುವ ಕೆಲಸವನ್ನು ಹಂಚಿಕೊಂಡರು. ಕಾರಣವನ್ನು ಫೋನಿನಲ್ಲಿ ಹೇಳಬಾರದು, ಹತ್ತಿರದ ಆಸ್ಪತ್ರೆಗೆ ಬರಲು ಮಾತ್ರ ತಿಳಿಸಬೇಕು ಎಂದು ಮೇಲಿನಿಂದ ಬಂದ ಅಪ್ಪಣೆಯನ್ನು ಗೋಡೆಗೆ ಅಂಟಿಸಿದ್ದರು. ಡಾಕ್ಟರ್ ಅಬ್ಬಿಗೇರಿಯೂ ಒಂದು ಮೂಲೆಯ ಮೇಜಿನಲ್ಲಿ ಕೂತು, ಪಟ್ಟಿಯ ಮೇಲೆ ಬೆರಳಿಟ್ಟು, ಒಂದಾದ ಮೇಲೊಂದು ಸಂಖ್ಯೆ ಒತ್ತುತ್ತಿದ್ದರು.

ದ್ರಾಕ್ಷಾಯಣಿ ಮಧ್ಯಾಹ್ನದೊಳಗೆ ನಲವತ್ತೆರಡು ಜನರ ಜೊತೆ ಮಾತಾಡಿದಳು. ಯಾರಿಗೂ ನೋವಿರಲಿಲ್ಲ. ಒಂದೊಂದು ಇಲ್ಲವನ್ನೂ ಬರೆದುಕೊಳ್ಳುವಾಗ ಅವಳ ಭುಜ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿತ್ತು. ನಲವತ್ತಮೂರನೆಯವನು ಮುಂಡರಗಿಯಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದ ಮೌನೇಶ. ಕಾವಲು ಕೇಂದ್ರದಿಂದ ಎಂದೊಡನೆ ಅವನ ದನಿ ಬದಲಾಯಿತು.

"ನಾನs ಫೋನ್ ಮಾಡಾವಿದ್ದೆ ನೋಡ್ರಿ ಮೇಡಂ," ಎಂದ. "ನಿನ್ನಿ ಸಂಜಿಯಿಂದ ಬಗಲಾಗ ಸಣ್ಣಗೆ ನೋವು ಶುರುವಾಗೈತಿ. ಕೈ ಎತ್ತಿದ್ರ ಚುಚ್ಚತೈತಿ. ಹುಣಸೆಬೀಜದಷ್ಟು ಗಂಟು ಹತ್ತತೈತ್ರಿ ಕೈಗೆ."

ಅವಳ ಪೆನ್ನು ಕಾಗದದ ಮೇಲೆ ನಿಂತಿತು.

"ಯಾವ ರೋಗರಿ ಇದು?" ಅವನು ದನಿ ತಗ್ಗಿಸಿ ಕೇಳಿದ. "ಅಂಗಡ್ಯಾಗ ನಾಕ ಮಂದಿ ಕುಂತಾರ. ಮೂಗಿಗೆ ಬಟ್ಟಿ ಕಟ್ಕೋರಿ ಅಂತ ಹೇಳ್ಲೇನ್ರಿ?"

ಗೋಡೆಯ ಮೇಲಿನ ಅಪ್ಪಣೆ ಅವಳ ಕಣ್ಣೆದುರೇ ಇತ್ತು. ಸುಮ್ಮನಿದ್ದರೆ ಅವನು ಊರಿಗೆಲ್ಲ ಸಾರುತ್ತಾನೆ, ಮುಂಡರಗಿಗೂ ಹಗ್ಗ ಬೀಳುತ್ತದೆ.

"ಬ್ಯಾಡ್ರಿ," ಎಂದಳು. "ಅವರಿಗೆ ಏನೂ ಆಗಂಗಿಲ್ಲ."

"ಖರೇನಾ?"

"ಖರೇ."

"ಪುಣ್ಯಾ ಬರಲಿ ನಿಮಗ," ಎಂದ ಮೌನೇಶ. ಅವನು ಫೋನನ್ನು ಬಾಯಿಂದ ದೂರ ಹಿಡಿದು ಅಂಗಡಿಯವರಿಗೆ ಆ ಮಾತನ್ನು ಗಟ್ಟಿಯಾಗಿ ಹೇಳುವುದು ಕೇಳಿಸಿತು. ಯಾರೋ ನಕ್ಕರು. ಯಾರೋ, ಹಂಗಾದ್ರ ನನ್ನ ಗಡ್ಡ ಮುಗಿಸಪಾ ಮೊದಲು ಎಂದರು. ಫೋನ್ ಇಡಬೇಡಿ, ನಿಮ್ಮ ಜೊತೆ ಇನ್ನೊಂದು ಮಾತಿದೆ ಎಂದು ದ್ರಾಕ್ಷಾಯಣಿ ಎರಡು ಸಲ ಹೇಳಿದಳು. ಅಷ್ಟರಲ್ಲಿ ಅಲ್ಲಿ ಕತ್ತರಿಯ ಸದ್ದು ಮತ್ತೆ ಶುರುವಾಗಿತ್ತು.